ಫೆರಾರಿ ಮಾರಾಟಕ್ಕಿದೆ, ಶಿರಸಿಯ ಕೆಎ-31 ನಂಬರ್ ಹಾಕ್ಸೋಕೆ ಎಷ್ಟಾಗುತ್ತೆ?

ಅಡಿಕೆಗೆ ಒಳ್ಳೆ ರೇಟು ಸಿಕ್ಕಿದ ವರ್ಷ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹೊಸ ಗಾಡಿಯ ಮಾತೇ ಮಾತು. ಮೊಬೈಲಲ್ಲಿ ಮುಂಬೈನ ಸೆಕೆಂಡ್ ಹ್ಯಾಂಡ್ ಫೆರಾರಿ ತೋರಿಸಿ ‘ತಗಂಡ್ರೆ ಹೆಂಗೆ?’ ಅನ್ನೋರೂ ಇರ್ತಾರೆ. ತಮಾಷೆಗೇ ಆಗಲಿ, ಒಂದು ಲೆಕ್ಕ ಹಾಕೋಣ.

ಗಾಡಿ ಫೆರಾರಿ ಎಸ್‌ಎಫ್90 ಸ್ಟ್ರಾಡಾಲೆ, 2019ರಲ್ಲಿ ಬಂದ ಮಾಡೆಲ್. ನಾಲ್ಕು ಲೀಟರಿನ ವಿ8 ಎಂಜಿನ್, ಜೊತೆಗೆ ಮೂರು ಎಲೆಕ್ಟ್ರಿಕ್ ಮೋಟಾರ್. ಒಟ್ಟು 1000 ಅಶ್ವಶಕ್ತಿ, 100 ಕಿ.ಮೀ. ವೇಗ ಮುಟ್ಟೋಕೆ 2.5 ಸೆಕೆಂಡು ಸಾಕು. ಮಜಾ ಏನಂದ್ರೆ, ಇದರ ಗೇರ್‌ಬಾಕ್ಸಿನಲ್ಲಿ ರಿವರ್ಸ್ ಗೇರೇ ಇಲ್ಲ. ಹಿಂದಕ್ಕೆ ಬರೋದು ಮುಂದಿನ ಚಕ್ರಗಳ ಮೋಟಾರಿನ ಬಲದಿಂದ. ಹಾಗಾಗಿ ಕೊಳ್ಳೋ ಮೊದಲು ಎಂಜಿನ್ ಸದ್ದು ಕೇಳಿದ್ರೆ ಸಾಲದು, ಬ್ಯಾಟರಿ ರಿಪೋರ್ಟೂ ಕೇಳಬೇಕು.

ಈಗ ತೆರಿಗೆ. 2025ರ ಜುಲೈನಲ್ಲಿ ಬೆಂಗಳೂರಲ್ಲಿ ಓಡಾಡ್ತಿದ್ದ, ಮಹಾರಾಷ್ಟ್ರ ನಂಬರಿನ ಇದೇ ಮಾಡೆಲ್ ಕಾರನ್ನ ಸಾರಿಗೆ ಅಧಿಕಾರಿಗಳು ಹಿಡಿದರು. ದಂಡ ಸೇರಿ ಮಾಲೀಕರು ಕಟ್ಟಿದ್ದು ಸುಮಾರು 1.42 ಕೋಟಿ ರೂಪಾಯಿ! ಯಾಕಷ್ಟು? ನಮ್ಮಲ್ಲಿ 20 ಲಕ್ಷ ದಾಟಿದ ಪೆಟ್ರೋಲ್ ಕಾರಿಗೆ ಜೀವಾವಧಿ ತೆರಿಗೆ 18%, ಆ ತೆರಿಗೆ ಮೇಲೆ ಮತ್ತೆ 11% ಸೆಸ್. ಅಂದ್ರೆ ಹೊಸ ಗಾಡಿಗೆ ಬೆಲೆಯ ಐದನೇ ಒಂದು ಪಾಲು. ಹಳೇ ಗಾಡಿಗೆ ವಯಸ್ಸು ನೋಡಿ ಇಳಿಯುತ್ತೆ. ಹೊರರಾಜ್ಯದ ನಂಬರಲ್ಲೇ ಓಡಿಸ್ತೀನಿ ಅಂದ್ರೆ, 12 ತಿಂಗಳು ದಾಟಿದ ಮೇಲೆ ಇಲ್ಲಿ ನೋಂದಣಿ ಮಾಡಿಸಲೇಬೇಕು. ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಹೇಳೋದು ಅದನ್ನೇ.

ಇನ್ನು ರಸ್ತೆ. ದೇವಿಮನೆ ಘಟ್ಟ, ಅರೆಬೈಲ್ ಘಟ್ಟದ ತಿರುವಲ್ಲಿ ಎದುರಿಗೆ ಲಾರಿ ಬಂದಾಗ 1000 ಅಶ್ವಶಕ್ತಿ ಇದ್ದೂ ಬ್ರೇಕೇ ಒತ್ತಬೇಕು. ಘಟ್ಟ ಹೆಂಗೋ ದಾಟಬಹುದು, ಮನೆ ದಾರಿ? ಮಳೆಗಾಲದಲ್ಲಿ ಕೊರಕಲು ಬಿದ್ದ ಮಣ್ಣು ರಸ್ತೆ, ಊರಿಗೆರಡು ಹಂಪು. ನೆಲಕ್ಕೆ ಅಂಟಿದಂತಿರೋ ಮೂತಿ ಒಮ್ಮೆ ತಾಗಿದ್ರೆ ಒಂದು ವರ್ಷದ ಫಸಲಿಗೇ ಕುತ್ತು.

ಇಷ್ಟಾದ ಮೇಲೂ ಬೇಕೇ ಬೇಕು ಅನ್ನೋರು ಮೂರು ಕಾಗದ ಕೇಳಿ: ಹಳೇ ಆರ್‌ಟಿಒದ ಎನ್‌ಒಸಿ, ಸಾಲ ತೀರಿದ ಪತ್ರ, ಪೂರ್ತಿ ಸರ್ವಿಸ್ ದಾಖಲೆ. ಅಲ್ಲಿ ಕಟ್ಟಿದ ತೆರಿಗೆಯಲ್ಲಿ ಉಳಿದ ಅವಧಿಯದ್ದು ವಾಪಸ್ ಬರುತ್ತಾ, ಅದನ್ನೂ ವಿಚಾರಿಸಿ. ಇವೆಲ್ಲ ಕೈಗೆ ಬಂದ ಮೇಲೇ ಅಡ್ವಾನ್ಸ್ ಮಾತು.