ಹೊಸ ವರ್ಷದ ಗುಟುಕು, ಹಳೆಯ ಹಟ

(ಹೊಸ ವರ್ಷದ ಸಂದರ್ಭದಲ್ಲಿ ಮಾಡಿದ ಭಾಷಣದ ಸಂಗ್ರಹರೂಪ)



ಜನವರಿ ಒಂದನೇ ತಾರೀಖು ಬಂತೆಂದರೆ ನಾವೆಲ್ಲ ಸಂಕಲ್ಪ ಮಾಡುತ್ತೇವೆ. ಡೈರಿಯ ಮೊದಲ ನಾಲ್ಕು ಪುಟ ತುಂಬುತ್ತದೆ; ಸಂಕ್ರಾಂತಿಯ ಎಳ್ಳು-ಬೆಲ್ಲ ಹಂಚುವ ಹೊತ್ತಿಗೆ ಐದನೇ ಪುಟದಿಂದಾಚೆ ಎಲ್ಲ ಖಾಲಿ. ಸಂಕಲ್ಪ ಏಕೆ ನಿಲ್ಲುವುದಿಲ್ಲ ಎಂದು ಉಪದೇಶಿಸಲು ನಾನು ಬಂದಿಲ್ಲ. ನಿಂತ ಒಂದು ಸಂಕಲ್ಪದ ಕಥೆ ಹೇಳುತ್ತೇನೆ. ಅದು ಬಿಯರ್ ತಯಾರಿಸಿದವರೊಬ್ಬರ ಕಥೆ. ಹುಬ್ಬೇರಿಸಬೇಡಿ, ಯಾರನ್ನೂ ಕುಡಿಯಲು ಕರೆಯುತ್ತಿಲ್ಲ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ 1896ರಲ್ಲಿ ಆಂಕರ್ ಎಂಬ ಬ್ರೂವರಿ ಹುಟ್ಟಿತು. ಅದರ ವಿಶೇಷ ‘ಸ್ಟೀಮ್ ಬಿಯರ್’. ಲಾಗರ್ ಎಂಬ ಬಗೆಯ ಬಿಯರಿಗೆ ಬಳಸುವ ಯೀಸ್ಟಿಗೆ ತಂಪು ಬೇಕು. ಹಿಂದೆ ಕ್ಯಾಲಿಫೋರ್ನಿಯಾದಲ್ಲಿ ಐಸು ಸುಲಭವಾಗಿ ಸಿಗುತ್ತಿರಲಿಲ್ಲ. ಹಾಗಾಗಿ ಬಾರ್ಲಿಯ ರಸವನ್ನು ಅಗಲವಾದ, ಆಳವಿಲ್ಲದ ತೊಟ್ಟಿಗಳಲ್ಲಿ ಹರಡಿ, ಅಲ್ಲಿನ ಹವೆಯಲ್ಲೇ ಹುದುಗಿಸಿದರು. ಕೊರತೆಯೇ ಹೊಸ ರುಚಿಯೊಂದನ್ನು ಹುಟ್ಟಿಸಿತು.

1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿರೋಧ ಜಾರಿಯಲ್ಲಿತ್ತು. ಅನಂತರ ಕೆಲವೇ ದೊಡ್ಡ ಕಂಪನಿಗಳು ಮಾರುಕಟ್ಟೆ ಹಿಡಿದವು. ದೇಶದ ಯಾವ ಮೂಲೆಗೆ ಹೋದರೂ ಒಂದೇ ಬಗೆಯ ತೆಳು ಬಿಯರು. 1970ರ ದಶಕದ ಕೊನೆಗೆ ಅಷ್ಟು ದೊಡ್ಡ ದೇಶದಲ್ಲಿ ಉಳಿದಿದ್ದ ಬ್ರೂವರಿಗಳು ನೂರಕ್ಕಿಂತ ಕಡಿಮೆ.

1965ರಲ್ಲಿ ಆಂಕರ್ ಕೂಡ ಬಾಗಿಲು ಹಾಕುವುದರಲ್ಲಿತ್ತು. ಆ ಸುದ್ದಿ 27 ವರ್ಷದ ಫ್ರಿಟ್ಸ್ ಮೇಟ್ಯಾಗ್ ಎಂಬ ತರುಣನ ಕಿವಿಗೆ ಬಿತ್ತು. ಬಟ್ಟೆ ಒಗೆಯುವ ಯಂತ್ರಗಳಿಗೆ ಹೆಸರಾದ ಮನೆತನದ ಕುಡಿ. ಆತ ಕೆಲವೇ ಸಾವಿರ ಡಾಲರಿಗೆ ಬ್ರೂವರಿಯ ಹೆಚ್ಚಿನ ಪಾಲು ಕೊಂಡರು. ಕೊಂಡದ್ದೇನು? ಹಳೆಯ ತೊಟ್ಟಿಗಳು, ಖಾಲಿ ಗಲ್ಲಾಪೆಟ್ಟಿಗೆ, ಆಗಾಗ ಹುಳಿಯಾಗುವ ಬಿಯರು. ಹಾಲನ್ನು ಹುಳಿ ಮಾಡುವ ಬ್ಯಾಕ್ಟೀರಿಯಾಗಳ ಬಳಗದವೇ ಬಿಯರನ್ನೂ ಕೆಡಿಸುತ್ತವೆ. ಅದಕ್ಕೆ ಮದ್ದು ಒಂದೇ: ಸ್ವಚ್ಛತೆ. ತಿಕ್ಕುವುದು, ತೊಳೆಯುವುದು, ಮತ್ತೆ ತಿಕ್ಕುವುದು. ಬಾಟಲಿಗೆ ತುಂಬಿಸುವ ಧೈರ್ಯ ಬಂದದ್ದು 1971ರಲ್ಲಿ. ಲಾಭದ ಮುಖ ಕಂಡದ್ದು ಸುಮಾರು ಹತ್ತು ವರ್ಷಗಳ ಮೇಲೆ. ನಮ್ಮ ಡೈರಿಯ ನಾಲ್ಕು ಪುಟಗಳನ್ನು ಇಲ್ಲಿ ನೆನೆಯಬೇಕು.

1975ರಲ್ಲಿ ಅವರು ಹೊಸ ಪದ್ಧತಿಯೊಂದನ್ನು ಆರಂಭಿಸಿದರು. ಕ್ರಿಸ್‌ಮಸ್ಸಿಗೆ, ಹೊಸ ವರ್ಷಕ್ಕೆಂದು ಒಂದು ವಿಶೇಷ ಬಿಯರು. ಪ್ರತಿವರ್ಷ ಪಾಕ ಬೇರೆ, ಲೇಬಲ್ಲಿನ ಮೇಲಿನ ಮರದ ಚಿತ್ರವೂ ಬೇರೆ. ಮರವೇಕೆ? ಚಳಿಗಾಲದ ಕನಿಷ್ಠ ಹಗಲಿನ ನಂತರ ಭೂಮಿ ಮತ್ತೆ ಹುಟ್ಟುತ್ತದೆ ಎಂಬ ಭಾವನೆಯ ಸಂಕೇತ ಅದು. ಪಾಕದ ಗುಟ್ಟನ್ನು ಬಿಟ್ಟುಕೊಡುತ್ತಿರಲಿಲ್ಲ. ಬಲ್ಲವರು ಹಿಂದಿನ ವರ್ಷಗಳ ಬಾಟಲಿಗಳನ್ನು ಎತ್ತಿಟ್ಟು, ಹೊಸದರ ಪಕ್ಕ ಇಟ್ಟು ರುಚಿ ನೋಡುತ್ತಿದ್ದರು. ಮೊದಲು ಬಣ್ಣ, ಆಮೇಲೆ ಪರಿಮಳ, ಕೊನೆಗೆ ಒಂದು ಗುಟುಕು. ಹುರಿದ ಬಾರ್ಲಿಯ ಕಮ್ಮನೆಯ ವಾಸನೆ, ಹಾಪ್ಸ್ ಹೂವಿನ ಕಹಿ, ಎಲ್ಲೋ ಮಸಾಲೆಯ ಸುಳಿವು. ಯುಗಾದಿಯ ದಿನ ಬೇವು-ಬೆಲ್ಲ ತಿನ್ನುವ ನಮಗೆ, ವರ್ಷವನ್ನು ನಾಲಗೆಯಿಂದ ಆರಂಭಿಸುವ ಈ ಕ್ರಮ ಅಪರಿಚಿತವೇನಲ್ಲ.

ಮೇಟ್ಯಾಗ್ ತೋರಿದ ದಾರಿಯಲ್ಲಿ ಇತರರೂ ಬಂದರು. 1976ರಲ್ಲಿ ಸೊನೋಮಾದಲ್ಲಿ ಜ್ಯಾಕ್ ಮೆಕಾಲಿಫ್ ‘ನ್ಯೂ ಆಲ್ಬಿಯನ್’ ಆರಂಭಿಸಿದರು. 1982ರಲ್ಲಿ ಅದು ಮುಚ್ಚಿತು. 1980ರಲ್ಲಿ ಚೀಕೊ ಊರಿನಲ್ಲಿ ಹುಟ್ಟಿದ ‘ಸಿಯೆರಾ ನೆವಾಡಾ’ ಬೆಳೆದು ನಿಂತಿತು. 2023ರ ವೇಳೆಗೆ ಅಮೆರಿಕದ ಬ್ರೂವರಿಗಳ ಸಂಖ್ಯೆ 9,000 ದಾಟಿತ್ತು. 2010ರ ನಂತರ ಬೆಂಗಳೂರಿನಲ್ಲಿ ತಲೆಯೆತ್ತಿದ ಮೈಕ್ರೊಬ್ರೂವರಿಗಳೂ ಈ ಅಲೆಯ ಕೂಸುಗಳೇ.

ಕಥೆ ಇಲ್ಲಿಗೇ ಮುಗಿದಿದ್ದರೆ ಸುಖಾಂತ. ಆದರೆ ಮೇಟ್ಯಾಗ್ 2010ರಲ್ಲಿ ಆಂಕರನ್ನು ಮಾರಿದರು. 2017ರಲ್ಲಿ ಅದು ಜಪಾನಿನ ಸಪ್ಪೋರೊ ಕಂಪನಿಯ ಕೈಸೇರಿತು. ಮಾರಾಟ ಇಳಿಯುತ್ತಿದೆ ಎಂದು 2023ರ ಜುಲೈಯಲ್ಲಿ ಬಾಗಿಲು ಮುಚ್ಚುವ ಘೋಷಣೆ ಹೊರಟಿತು. ತಾನು ಬಿತ್ತಿದ ಪೈರಿನ ನಡುವೆಯೇ ಮೂಲ ಮರ ಒಣಗಿತು. ಆ ವರ್ಷದ ಕೊನೆಗೆ ಹೊಸ ಮರದ ಲೇಬಲ್ಲು ಬರಲಿಲ್ಲ. ಒಮ್ಮೆ ಗೆದ್ದ ಸಂಕಲ್ಪ ತಾನಾಗಿ ಮುಂದುವರಿಯುವುದಿಲ್ಲ. ತೊಟ್ಟಿಯನ್ನು ಪ್ರತಿದಿನ ತೊಳೆದಂತೆ ಅದನ್ನೂ ಪ್ರತಿವರ್ಷ ಹೊಸದಾಗಿ ಮಾಡಬೇಕು ಎಂಬುದನ್ನು ಈ ಸಾವು ಕಲಿಸಿತು.

2024ರಲ್ಲಿ ಆಂಕರನ್ನು ಮತ್ತೊಬ್ಬರು ಕೊಂಡರು: ತುರ್ಕಿಯಲ್ಲಿ ಹುಟ್ಟಿ, ಅಮೆರಿಕದಲ್ಲಿ ಮೊಸರು ಮಾರಿ ದೊಡ್ಡವರಾದ ಹಮ್ದಿ ಉಲುಕಾಯಾ. ಹೆಪ್ಪು ಹಾಕಿದ ಮೇಲೆ ಕಾಯಬೇಕೆಂಬುದು ಮೊಸರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಡೈರಿಗೂ ಅಷ್ಟೇ ಬೇಕು: ಒಂದು ಚಮಚ ಹೆಪ್ಪು, ತೊಳೆದ ಪಾತ್ರೆ, ಮತ್ತು ಐದನೇ ಪುಟದವರೆಗೆ ತಾಳುವ ತಾಳ್ಮೆ.