ಕುಸಿದ ಗುಡ್ಡ ನೋಡುವ ತಾಣವಲ್ಲ

(ಧಾರವಾಡದ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಿಮ್ಮ ಊರಿನ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆಯು ಬೇಡ್ತಿಯನ್ನು ಕೂಡಿ, ಯಲ್ಲಾಪುರದ ಕಾಡುಗಳನ್ನು ಹಾದು, ಘಟ್ಟವಿಳಿದು, ಗಂಗಾವಳಿಯೆಂಬ ಹೆಸರಿನಿಂದ ಸಮುದ್ರವನ್ನು ಸೇರುತ್ತದೆ. ಆದುದರಿಂದ ಗಂಗಾವಳಿಯ ದಡದಲ್ಲಿ ನಡೆದುದು ಧಾರವಾಡಕ್ಕೆ ಪರವೂರಿನ ಸುದ್ದಿಯಲ್ಲ.

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡವು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಕುಸಿಯಿತು. ರಸ್ತೆಬದಿಯ ಚಹಾದಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ಅಲ್ಲಿ ತಂಗಿದ್ದ ಲಾರಿ ಚಾಲಕರು ಮಣ್ಣಿನ ಪಾಲಾದರು. ನದಿಗೆ ಮಣ್ಣು ಬಿದ್ದ ರಭಸಕ್ಕೆ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳನ್ನೂ ಕೆಡವಿತು. ಕೇರಳದ ಚಾಲಕನೊಬ್ಬನ ಲಾರಿಯನ್ನು ನದಿಯಿಂದ ಮೇಲೆತ್ತಿದ್ದು ಸೆಪ್ಟೆಂಬರ್ 25ರಂದು, 71 ದಿನಗಳ ಬಳಿಕ.

ಇಂತಹ ಸ್ಥಳಗಳಿಗೆ ರಕ್ಷಣಾ ಪಡೆಯ ಹಿಂದೆಯೇ ನೋಡುಗರೂ ಬರುತ್ತಾರೆ. ಅದೇ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಭೂಕುಸಿತದಿಂದ ಇನ್ನೂರಕ್ಕೂ ಹೆಚ್ಚು ಜನ ಮಡಿದಾಗ, ನೋಡಲೆಂದು ಯಾರೂ ಬರಬೇಡಿರೆಂದು ಕೇರಳದ ಪೊಲೀಸರು ಬಹಿರಂಗವಾಗಿ ಕೋರಬೇಕಾಯಿತು. 2018ರ ಆಗಸ್ಟಿನಲ್ಲಿ ಕೊಡಗಿನ ಜಿಲ್ಲಾಡಳಿತವೂ ಪ್ರವಾಸಿಗರನ್ನು ಕೆಲಕಾಲ ತಡೆಯಿತು. ಘಟ್ಟದ ರಸ್ತೆ ಇಕ್ಕಟ್ಟಾದುದು. ಅಲ್ಲಿ ನಿಂತ ಒಂದೊಂದು ಕಾರೂ ಆಂಬುಲೆನ್ಸಿಗೆ, ಮಣ್ಣೆತ್ತುವ ಯಂತ್ರಕ್ಕೆ ಅಡ್ಡಿ. ನೆನೆದ ಇಳಿಜಾರು ಮತ್ತೊಮ್ಮೆ ಜಾರದೆಂಬ ಭರವಸೆಯೂ ಇಲ್ಲ.

ಹಾಗಾದರೆ ದುರಂತದ ನೆಲಕ್ಕೆ ಹೋಗುವುದೇ ತಪ್ಪೇ? ಹಾಗೆಂದು ನಾನು ಹೇಳಲಾರೆ. ಹಿರೋಶಿಮಾದಲ್ಲಿ ಅಣುಬಾಂಬಿಗೆ ಸಿಕ್ಕಿದ ಕಟ್ಟಡವೊಂದರ ಅಸ್ಥಿಪಂಜರವನ್ನು ಹಾಗೆಯೇ ಉಳಿಸಿದ್ದಾರೆ. 1996ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಇಲ್ಲಿಂದ ಹತ್ತಿರದ ಕಿತ್ತೂರಿಗೆ ಶಾಲೆಯ ಮಕ್ಕಳನ್ನು ಕರೆದೊಯ್ದು, 1824ರ ಯುದ್ಧದ ಕಥೆ ಹೇಳಿ, ಪಾಳುಬಿದ್ದ ಅರಮನೆಯನ್ನು ತೋರಿಸುತ್ತೇವೆ. ಅಲ್ಲಿ ಕಾಲ ಸಂದಿದೆ, ಕಥೆ ಹೇಳುವವರಿದ್ದಾರೆ, ಕೇಳುವ ವ್ಯವಧಾನವಿದೆ. ಶವ ಸಿಗದ ಮನೆಯ ಮುಂದೆ ಮೊಬೈಲು ಹಿಡಿದು ನಿಂತಾಗ ಇವು ಮೂರೂ ಇರುವುದಿಲ್ಲ. 2019ರ ಮಾರ್ಚ್ 19ರಂದು ಇದೇ ಊರಿನ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದು 19 ಮಂದಿ ಸತ್ತರು. ಆ ದಿನಗಳ ದುಃಖವನ್ನು ಕಂಡ ನಿಮಗೆ ಈ ಭೇದವನ್ನು ವಿವರಿಸಬೇಕಾಗಿಲ್ಲ.

ಇನ್ನೊಂದು ಮಾತು ಮುಖ್ಯವಾದುದು. ಶಿರೂರಿನಲ್ಲಿ ಹೆದ್ದಾರಿಯ ಅಗಲೀಕರಣಕ್ಕಾಗಿ ಗುಡ್ಡದ ಬುಡವನ್ನು ಕಡಿಯಲಾಗಿತ್ತು. ಬುಡ ಕಳೆದುಕೊಂಡ ಇಳಿಜಾರು ಮಳೆನೀರನ್ನು ಕುಡಿದು ಭಾರವಾದಾಗ ಜಾರುತ್ತದೆ. ಅಗಲವಾದ ರಸ್ತೆ, ಗುಡ್ಡದ ನೆತ್ತಿಯ ರೆಸಾರ್ಟು, ವಾರಾಂತ್ಯದ ವಾಹನಗಳ ಸಾಲು ಇವೆಲ್ಲವೂ ಪ್ರವಾಸಿಗನ ಹೆಸರಿನಲ್ಲಿಯೂ ಬರುತ್ತವೆ. ಕುಸಿತವನ್ನು ನೋಡಲು ಬಂದವನು ಅದರ ಕಾರಣಕ್ಕೆ ಸಂಪೂರ್ಣ ಹೊರಗಿನವನಲ್ಲ. ಪಶ್ಚಿಮ ಘಟ್ಟವನ್ನು ಕುರಿತು ಗಾಡ್ಗೀಳ್ ಸಮಿತಿ 2011ರಲ್ಲಿಯೂ ಕಸ್ತೂರಿರಂಗನ್ ಸಮಿತಿ 2013ರಲ್ಲಿಯೂ ವರದಿ ನೀಡಿದವು. ಗಂಗಾವಳಿಯಿಂದ ಲಾರಿ ಮೇಲೆದ್ದ ಮರುದಿನವೇ, 2024ರ ಸೆಪ್ಟೆಂಬರ್ 26ರಂದು, ನಮ್ಮ ರಾಜ್ಯದ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಮಲೆನಾಡಿನ ಕೃಷಿಕರಿಗೆ ಆ ವರದಿಯ ಬಗ್ಗೆ ಭಯವಿರುವುದು ನಿಜ. ಅವರೊಡನೆ ಕುಳಿತು ಮಾತನಾಡುವ ಬದಲು ವರದಿಯನ್ನೇ ಬದಿಗಿಟ್ಟರೆ ಗುಡ್ಡ ಗಟ್ಟಿಯಾಗುವುದಿಲ್ಲ.

ನನ್ನ ಕೋರಿಕೆ ಇಷ್ಟೆ. ಮಳೆಗಾಲದಲ್ಲಿ ಕುಸಿದ ಜಾಗಗಳಿಗೆ ಹೋಗಬೇಡಿ. ನೆರವು ನೀಡುವುದಿದ್ದರೆ ಸ್ಥಳೀಯರನ್ನು ಕೇಳಿ ಕಳುಹಿಸಿ. ಬೇಸಿಗೆಯಲ್ಲಿ ಬನ್ನಿ. ಊರಿನವರು ಒಪ್ಪಿದರೆ ಅವರೊಡನೆ ನಡೆಯಿರಿ. ಎಲ್ಲಿ ಕಡಿದರು, ಒರತೆ ಎಲ್ಲಿತ್ತು, ನೀರು ಯಾವ ದಾರಿ ಹಿಡಿಯಿತು ಎಂದು ಕೇಳಿ ಬರೆದುಕೊಳ್ಳಿ. ಮರಳಿದ ಮೇಲೆ ಅದನ್ನು ನಿಮ್ಮ ಪ್ರತಿನಿಧಿಗಳ ಮುಂದಿಡಿ. ಹಾಗೆ ಬರುವವರಿಗೆ ನಮ್ಮ ಮನೆಗಳ ಬಾಗಿಲು ತೆರೆದೇ ಇರುತ್ತದೆ.