ಚಿತ್ರಕಾರ್ಡಿನಲ್ಲಿ ಹಿಡಿಸದ ಊರು

ಚಿತ್ರಕಾರ್ಡು ಎಂದರೆ ಒಂದು ಮಗ್ಗುಲಲ್ಲಿ ಬೆಟ್ಟವನ್ನೋ ಜಲಪಾತವನ್ನೋ ಅಚ್ಚುಮಾಡಿ, ಇನ್ನೊಂದು ಮಗ್ಗುಲನ್ನು ಬರವಣಿಗೆಗೆ ಬಿಟ್ಟ ಅಂಚೆ ಕಾರ್ಡು. ಭಾರತದಲ್ಲಿ 1879ರ ಜುಲೈ 1ರಂದು ಕಾಲಾಣೆಯ ಸಾದಾ ಕಾರ್ಡು ಮೊದಲು ಬಂದಿತು; ಚಿತ್ರದ ಕಾರ್ಡುಗಳು ಬಳಕೆಗೆ ಬಂದದ್ದು ಆ ಶತಮಾನ ಮುಗಿಯುತ್ತಿದ್ದ ಹೊತ್ತಿಗೆ. ಬ್ರಿಟನ್ನಿನಲ್ಲಿ 1902ರವರೆಗೆ ವಿಳಾಸದ ಮಗ್ಗುಲಲ್ಲಿ ವಿಳಾಸವನ್ನಲ್ಲದೆ ಬೇರೇನನ್ನೂ ಬರೆಯುವಂತಿರಲಿಲ್ಲವಾದ್ದರಿಂದ, ಆ ಕಾಲದ ಕಾರ್ಡುಗಳಲ್ಲಿ ಕ್ಷೇಮಸಮಾಚಾರವೆಲ್ಲ ಚಿತ್ರದ ಸುತ್ತಲಿನ ಬಿಳಿ ಅಂಚಿನಲ್ಲಿ, ಇರುವೆ ಸಾಲಿನಂತಹ ಅಕ್ಷರಗಳಲ್ಲಿ, ಕೆಲವೊಮ್ಮೆ ಆಕಾಶದ ಭಾಗದ ಮೇಲೆಯೇ ಹರಡಿಕೊಂಡಿರುವುದುಂಟು.

ಇಂತಹ ಕಾರ್ಡುಗಳಿಗೆ ಮೆಚ್ಚಿನ ವಸ್ತುವಾಗಿದ್ದವುಗಳಲ್ಲಿ ವೇಲ್ಸ್ ನಾಡಿನ ಬೆಟ್ಟಸಾಲು ಒಂದು. ಅಲ್ಲಿನ ಅತಿ ಎತ್ತರದ ಶಿಖರ, ವೇಲ್ಸ್ ಜನ ಎರ್ ವಿದ್ವಾ ಎನ್ನುವ 1,085 ಮೀಟರಿನ ಸ್ನೋಡನ್, 1896ರಲ್ಲಿ ರೈಲು ಏರಿದ ಮೇಲೆ ಪ್ರವಾಸಿಗಳಿಗೆ ಇನ್ನಷ್ಟು ಸುಲಭವಾಯಿತು. ಆದರೆ ಆ ರೈಲು ಹೊರಡುವ ಲಾನ್‌ಬೆರಿಸ್ ಊರಿನ ಕೆರೆಯಾಚೆಗೆ ಡಿನೋರ್ವಿಕ್ ಗಣಿಯಿತ್ತು. ಹಾಳೆಹಾಳೆಯಾಗಿ ಸೀಳಿಬರುವ, ಮನೆಯ ಮಾಡಿಗೂ ಮಕ್ಕಳ ಪಾಟಿಗೂ ಆಗಿಬರುವ ಕಲ್ಲನ್ನು ಅಲ್ಲಿ ಸಾವಿರಾರು ಜನ ಒಡೆಯುತ್ತಿದ್ದರು. ಅದೇ ಸೀಮೆಯ ಪೆನ್ರಿನ್ ಗಣಿಯ ಕಾರ್ಮಿಕರು 1900ರಿಂದ 1903ರವರೆಗೆ ಮುಷ್ಕರ ಹೂಡಿ ಸೋತರು. ಗಣಿಗಳ ಚಿತ್ರವಿರುವ ಕಾರ್ಡುಗಳೂ ಇದ್ದವೆನ್ನಬೇಕು. ಆದರೆ ಶಿಖರದ ಕಾರ್ಡನ್ನು ಕೊಂಡವನಿಗೆ ಆ ದೂಳು ಬೇಕಿರಲಿಲ್ಲ.

ಹುಬ್ಬಳ್ಳಿ–ಧಾರವಾಡದವರಿಗೆ ಇದರ ಜೋಡಿಯನ್ನು ಹುಡುಕಲು ಶಿರಸಿ, ಸಿದ್ಧಾಪುರ ದಾಟಿದರೆ ಸಾಕು. 253 ಮೀಟರ್ ಆಳಕ್ಕೆ ಧುಮುಕುವ ಶರಾವತಿಯ ಜೋಗವನ್ನು ಬ್ರಿಟಿಷರ ಕಾಲದ ಕಾರ್ಡುಗಳು ಗೇರುಸೊಪ್ಪೆ ಜಲಪಾತವೆಂದು ಕರೆದವು. ಆಗ ಧಾರವಾಡ ಜಿಲ್ಲೆಯಂತೆಯೇ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಉತ್ತರ ಕನ್ನಡದ ದಡದಿಂದಲೂ ಎದುರಿನ ಮೈಸೂರು ಸಂಸ್ಥಾನದ ದಡದಿಂದಲೂ ಅದನ್ನು ನೋಡಬಹುದಿತ್ತು. ಎರಡು ಸರಕಾರಗಳ ಗಡಿಯಾಗಲಿ, ಮೇಲ್ದಂಡೆಯ ಅಡಿಕೆ ತೋಟ, ಗದ್ದೆಗಳಾಗಲಿ ಕಾರ್ಡಿನೊಳಗೆ ಬರುವಂತಿರಲಿಲ್ಲ. ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲುಗಳಷ್ಟೇ ಅದರ ತುಂಬ ತುಂಬಿಕೊಂಡವು. ಇದನ್ನು ಛಾಯಾಗ್ರಾಹಕನ ಮೋಸವೆನ್ನಲಾಗದು. ಅಂಗೈಯಗಲದ ಕಾಗದದಲ್ಲಿ ಏನನ್ನಾದರೂ ಬಿಡಲೇಬೇಕು; ತಪ್ಪು ಇರುವುದು ಚಿತ್ರದ ಅಂಚನ್ನೇ ಊರಿನ ಎಲ್ಲೆಯೆಂದು ತಿಳಿಯುವ ನೋಟದಲ್ಲಿ, ಮತ್ತು ಆ ನೋಟ ಕಾರ್ಡಿನ ಕಾಲಕ್ಕೇ ಮುಗಿಯಲಿಲ್ಲ. ಮಳೆಗಾಲದ ಭಾನುವಾರ ಜೋಗಕ್ಕೆ ಹೋಗಿ, ಮಂಜು ಸರಿಯುವುದನ್ನು ಕಾದು, ಮೊಬೈಲಿನಲ್ಲಿ ನಾಲ್ಕು ಪಟ ಹಿಡಿದು ಸಂಜೆಗೆ ಮರಳುವವರೂ ಆ ಹಳೆಯ ಚೌಕಟ್ಟಿನಲ್ಲೇ ನಿಂತು ನೋಡುತ್ತಾರೆ.

ಎರಡೂ ಕಡೆಯ ಕಥೆ ಮುಂದೆ ವಿದ್ಯುತ್ತಿನಲ್ಲಿ ಬಂದು ಕೂಡುತ್ತದೆ. ಡಿನೋರ್ವಿಕ್ ಗಣಿ 1969ರಲ್ಲಿ ಮುಚ್ಚಿತು. 1984ರಲ್ಲಿ ಅದೇ ಬೆಟ್ಟದ ಒಡಲೊಳಗೆ ಪಂಪ್ಡ್ ಸ್ಟೋರೇಜ್ ಸ್ಥಾವರ ಆರಂಭವಾಯಿತು. ಬೇಡಿಕೆ ಕಡಿಮೆಯಿರುವಾಗ ಕೆಳಗಿನ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿಟ್ಟು, ಬೇಡಿಕೆ ಏರಿದಾಗ ಕೆಳಕ್ಕೆ ಹರಿಸಿ ವಿದ್ಯುತ್ ಪಡೆಯುವ ಏರ್ಪಾಡಿಗೆ ಈ ಹೆಸರು. ಇತ್ತ ಶರಾವತಿ ಕಣಿವೆಯಲ್ಲಿ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವ್ಯಾಟಿನ ಇಂತಹುದೇ ಯೋಜನೆಯನ್ನು ರೂಪಿಸಲಾಗಿದ್ದು, ಸಿಂಗಳೀಕಗಳ ಕಾಡಿಗೆ ಅದರಿಂದಾಗುವ ಹಾನಿಯ ಬಗ್ಗೆ ವಿರೋಧವೂ ಬಲವಾಗಿ ಎದ್ದಿದೆ. ಅದು ಬೇಕೇ ಬೇಡವೇ ಎಂದು ವಾದಿಸುವವರು ಶರಾವತಿ ಈಗಾಗಲೇ ಒಮ್ಮೆ ತೆತ್ತ ಬೆಲೆಯನ್ನು ಲೆಕ್ಕಕ್ಕೆ ಹಿಡಿಯಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಹಿನ್ನೀರು ನಿಂತಾಗ ಸಾವಿರಾರು ಕುಟುಂಬಗಳು ಮನೆ, ಹೊಲ, ದೈವದ ಕಟ್ಟೆಗಳನ್ನು ಬಿಟ್ಟು ಹೊರಟವು. ಉಳಿದ ಕೆಲವು ಹಳ್ಳಿಗಳಿಗೆ ತಾಲ್ಲೂಕಿನ ಊರಾದ ಸಾಗರಕ್ಕೆ ಹೋಗುವ ಹತ್ತಿರದ ದಾರಿಯೇ ನೀರಿನಡಿ ಸೇರಿತು. ಅಲ್ಲಿನವರು ಹೆರಿಗೆ ನೋವಿರಲಿ, ಪರೀಕ್ಷೆಯಿರಲಿ ಲಾಂಚಿಗಾಗಿ ದಡದಲ್ಲಿ ಕಾಯಬೇಕಿತ್ತು, ರಾತ್ರಿ ಅದೂ ಇರುತ್ತಿರಲಿಲ್ಲ. ನಾಡಿಗೆಲ್ಲ ಬೆಳಕು ಕೊಟ್ಟ ಆ ಹಿನ್ನೀರಿಗೆ ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಸೇತುವೆ ಆದದ್ದು 2025ರ ಜುಲೈ ತಿಂಗಳಲ್ಲಿ, ಅಣೆಕಟ್ಟು ಮುಗಿದ 61 ವರ್ಷಗಳ ನಂತರ.